ಪಿತ್ತದ ಹಾದಿ ತೆರೆದಿದೆಯೆ?



ಕೆಲವು ತಿಂಗಳ ಹಿಂದೆ ಒಂದು ಸಂಜೆ, ಶಾಲೆ ಬಿಟ್ಟು ನಾನು ಹಾಜರಿ ಪುಸ್ತಕಗಳನ್ನು ಎತ್ತಿಡುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೈಯಲ್ಲಿ ಒಂದು ಚೀಟಿಯನ್ನು ಹಿಡಿದು ಬಂದು ನಿಂತನು. ಅವನ ಮನೆಯಲ್ಲಿ ಆರು ವಾರದ ಹೆಣ್ಣುಕೂಸು. ಹುಟ್ಟಿದ ಮೂರನೆಯ ದಿನ ಬಂದ ಕಾಮಾಲೆ ಇಳಿದೇ ಇರಲಿಲ್ಲ. ತೇನಿಯ ಮಕ್ಕಳ ವೈದ್ಯರು, ಮದುರೆಗೆ ಹೋಗಿ ‘ಹಿಡಾ ಸ್ಕ್ಯಾನ್’ ಮಾಡಿಸಬೇಕೆಂದು ಬರೆದುಕೊಟ್ಟಿದ್ದರು. ಅದರ ಕೆಳಗೆ ತಮಿಳಿನಲ್ಲಿ, ಅಣು ವೈದ್ಯ ವಿಭಾಗ ಎಂಬರ್ಥದ ಮಾತಿತ್ತು. ಅವನನ್ನು ಬೆಚ್ಚಿಸಿದ್ದು ಆ ಮಾತೇ.

“ಸಾರ್, ಇಷ್ಟು ಚಿಕ್ಕ ಕೂಸಿಗೆ ಅಣುವನ್ನು ಚುಚ್ಚುತ್ತಾರಂತೆ. ನಮ್ಮಮ್ಮ ಬೇಡವೇ ಬೇಡ ಅಂತಾರೆ. ನೆಲನೆಲ್ಲಿ ಅರೆದು ಕೊಟ್ಟರೆ ಸಾಕಂತೆ. ನೀವು ಹೇಗೆ ಹೇಳ್ತೀರೋ ಹಾಗೆ ಮಾಡ್ತೀವಿ” ಎಂದನು.

ನೀವು ಹೇಗೆ ಹೇಳುತ್ತೀರೋ ಹಾಗೆ. ಹನ್ನೊಂದು ವರ್ಷಗಳ ಹಿಂದೆ ಇದೇ ಮಾತನ್ನು ನಮ್ಮ ಬೀದಿಯ ಇನ್ನೊಬ್ಬ ತಾಯಿ ನನ್ನನ್ನು ಕೇಳಿದ್ದಳು. ಅವಳ ಗಂಡುಕೂಸಿಗೂ ಹೀಗೆಯೇ ಕಾಮಾಲೆ. ಮಗುವಿನ ಮಲ ಸುಣ್ಣದಂತೆ ಬೆಳ್ಳಗಿದೆ ಎಂದೂ ಅವಳು ಹೇಳಿದ್ದಳು. ಶಿಕ್ಷಕರ ತರಬೇತಿಯಲ್ಲಿ ಶಿಶುಪಾಲನೆಯ ಒಂದೆರಡು ಪಾಠಗಳನ್ನು ಓದಿದ್ದ ನಾನು, “ಹಸುಗೂಸುಗಳಿಗೆ ಇದು ಸಾಮಾನ್ಯ ತಾಯಿ, ಬೆಳಗಿನ ಬಿಸಿಲು ತೋರಿಸು, ತಾನಾಗಿ ಇಳಿಯುತ್ತದೆ” ಎಂದು ಹೇಳಿ ಕಳುಹಿಸಿದೆ. ನಾಲ್ಕು ತಿಂಗಳಾದ ಮೇಲೆ ಅವರು ದೊಡ್ಡ ಆಸ್ಪತ್ರೆಗೆ ಹೋದಾಗ ಮಗುವಿನ ಯಕೃತ್ತು ಗಟ್ಟಿಯಾಗಿ ಹೋಗಿತ್ತು. ಆ ಕೂಸು ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. ಆ ತಾಯಿ ನನ್ನನ್ನು ಒಂದು ದಿನವೂ ಆಡಿಕೊಂಡವಳಲ್ಲ. ಇಂದಿಗೂ ಎದುರಾದರೆ ನಮಸ್ಕರಿಸುತ್ತಾಳೆ. ಆದರೆ ಅರ್ಧ ತಿಳಿದವನ ಧೈರ್ಯದ ಮಾತು ಎಷ್ಟು ದುಬಾರಿಯಾಗಬಲ್ಲದೆಂಬುದು ನನ್ನ ಮನಸ್ಸಿನಿಂದ ಅಳಿದಿಲ್ಲ.

ಆದುದರಿಂದ ಈ ಸಲ, “ನನ್ನನ್ನು ಕೇಳಬೇಡ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಮದುರೆಗೆ ಹೊರಡು. ಅಮ್ಮನಿಗೆ ನಾನು ಬಂದು ಹೇಳುತ್ತೇನೆ” ಎಂದೆ. ಆಮೇಲೆ ಈ ಪರೀಕ್ಷೆಯ ವಿಷಯವನ್ನು ವೈದ್ಯರಿಂದ ಕೇಳಿ, ಪುಸ್ತಕಗಳಲ್ಲಿ ಓದಿ ತಿಳಿದುಕೊಂಡೆ. ತಿಳಿದದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ.

ನಕ್ಷೆಯೂ ನೀರೂ

ಮೊದಲು ಪಿತ್ತದ ಹಾದಿಯನ್ನು ತಿಳಿಯೋಣ. ನಮ್ಮ ಯಕೃತ್ತು, ಎಂದರೆ ಈಲಿಯು, ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಅದು ಸಣ್ಣ ಸಣ್ಣ ನಾಳಗಳಲ್ಲಿ ಹರಿದು ಒಂದು ದೊಡ್ಡ ನಾಳವನ್ನು ಸೇರಿ ಸಣ್ಣ ಕರುಳಿಗೆ ಇಳಿಯುತ್ತದೆ. ದಾರಿಯಲ್ಲಿ ಒಂದು ಕವಲು. ಆ ಕವಲಿನ ತುದಿಯಲ್ಲಿ ಪಿತ್ತಕೋಶವೆಂಬ ಸಣ್ಣ ಚೀಲ. ಅದು ಮೂವತ್ತರಿಂದ ಐವತ್ತು ಮಿಲಿಲೀಟರಿನಷ್ಟು ಪಿತ್ತವನ್ನು ಗಟ್ಟಿಮಾಡಿ ಶೇಖರಿಸಿಟ್ಟುಕೊಂಡು, ನಾವು ಎಣ್ಣೆ ತುಪ್ಪದ ಊಟ ಮಾಡಿದಾಗ ಹಿಂಡಿಕೊಂಡು ಕರುಳಿಗೆ ಬಿಡುತ್ತದೆ. ಮಲಕ್ಕೆ ಹಳದಿ, ಕಂದು ಬಣ್ಣ ಬರುವುದು ಈ ಪಿತ್ತದಿಂದಲೇ. ಹಾದಿ ಕಟ್ಟಿದರೆ ಪಿತ್ತದ ಬಣ್ಣ ರಕ್ತಕ್ಕೆ ಮರಳುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢವಾಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ.

ನಮ್ಮ ಕಣಿವೆಯವರಿಗೆ ಇದನ್ನು ತಿಳಿಹೇಳುವುದು ಸುಲಭ. ಪೆನ್ನಿಕುಯಿಕ್ ಅವರು ಕಟ್ಟಿಸಿದ, ೧೮೯೫ರಲ್ಲಿ ತೆರೆದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗವನ್ನು ದಾಟಿ ಕಂಬಂ ಕಣಿವೆಗಿಳಿದು, ನಮ್ಮ ಗದ್ದೆಗಳನ್ನು ತೋಯಿಸಿ ವೈಗೈ ನದಿಯನ್ನು ಸೇರುತ್ತದೆ. ಕಾಲುವೆಗಳ ನಕ್ಷೆ ಕಚೇರಿಯ ಗೋಡೆಯ ಮೇಲೆ ಇರಬಹುದು. ಆದರೆ ಕೊನೆಯ ಗದ್ದೆಗೆ ಇಂದು ನೀರು ಬಂದಿತೋ ಇಲ್ಲವೋ ಎಂಬುದು ನಕ್ಷೆಯನ್ನು ನೋಡಿದರೆ ತಿಳಿಯದು. ನೀರನ್ನು ಬಿಟ್ಟು, ಕಾಲುವೆಯ ದಡದಲ್ಲಿ ನಡೆದುಹೋಗಿ ನೋಡಬೇಕು.

ವೈದ್ಯರ ಪರೀಕ್ಷೆಗಳಲ್ಲಿಯೂ ಈ ಎರಡು ಬಗೆಗಳಿವೆ. ಹೊಟ್ಟೆಯ ಮೇಲೆ ಒಂದು ಸಾಧನವನ್ನಾಡಿಸಿ ನೋಡುವ ಅಲ್ಟ್ರಾಸೌಂಡ್ ಪರೀಕ್ಷೆ ನಕ್ಷೆಯನ್ನು ತೋರಿಸುತ್ತದೆ. ಪಿತ್ತಕೋಶದಲ್ಲಿ ಕಲ್ಲಿದೆಯೆ, ಗೋಡೆ ದಪ್ಪವಾಗಿದೆಯೆ, ನಾಳ ಹಿಗ್ಗಿದೆಯೆ ಎಂಬುದನ್ನು ಅದರಿಂದ ಕಾಣಬಹುದು. ಅದು ಸುಲಭ, ಖರ್ಚು ಕಡಿಮೆ, ವಿಕಿರಣವೂ ಇಲ್ಲ. ಆದ್ದರಿಂದ ಯಾವಾಗಲೂ ಮೊದಲ ಪರೀಕ್ಷೆ ಅದೇ. ಪಿತ್ತವು ನಿಜವಾಗಿ ಹರಿಯುತ್ತಿದೆಯೆ, ಎಲ್ಲಿ ನಿಂತಿದೆ, ಎಲ್ಲಿ ಸೋರುತ್ತಿದೆ ಎಂಬುದನ್ನು ತೋರಿಸುವುದು ಹಿಡಾ ಸ್ಕ್ಯಾನ್. ಒಂದು ಆಕಾರವನ್ನು ನೋಡುತ್ತದೆ, ಇನ್ನೊಂದು ಕೆಲಸವನ್ನು ನೋಡುತ್ತದೆ.

ಹಸುವಿಲ್ಲದೆ ಹಾಲು ಕರೆಯುವುದು

ಪಿತ್ತದ ಹಾದಿಯಲ್ಲಿ ಬಿಡುವ ಆ ‘ನೀರು’ ಯಾವುದು? ಟೆಕ್ನೀಶಿಯಂ ಎಂಬ ಲೋಹದ ಒಂದು ವಿಕಿರಣಶೀಲ ರೂಪ. ಮನುಷ್ಯನು ಕೃತಕವಾಗಿ ಪಡೆದ ಮೊದಲ ಮೂಲವಸ್ತು ಇದು. ೧೯೩೭ರಲ್ಲಿ ಇಟಲಿಯ ಪಲೆರ್ಮೊ ನಗರದಲ್ಲಿ ಪೆರಿಯೆ ಮತ್ತು ಸೆಗ್ರೆ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರು. ವೈದ್ಯರಿಗೆ ಇದರ ಒಂದು ಗುಣ ಬಹಳ ಅನುಕೂಲ. ಇದರ ಶಕ್ತಿ ಪ್ರತಿ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ಹದಿನಾರು ಪಾಲು ಇದ್ದದ್ದು ಮಾರನೆಯ ಬೆಳಿಗ್ಗೆ ಒಂದೇ ಪಾಲು. ಪರೀಕ್ಷೆಗೆ ಬೇಕಾದಷ್ಟು ಹೊತ್ತು ಇರುತ್ತದೆ, ಆಮೇಲೆ ತಾನಾಗಿ ಕರಗುತ್ತದೆ.

ಇಷ್ಟು ಬೇಗ ಕರಗುವ ವಸ್ತುವನ್ನು ದೂರದ ಊರುಗಳಿಗೆ ತಲುಪಿಸುವುದು ಹೇಗೆ? ಅದಕ್ಕೊಂದು ಜಾಣ ಉಪಾಯವಿದೆ. ಟೆಕ್ನೀಶಿಯಂ ಹುಟ್ಟುವುದು ಮಾಲಿಬ್ಡಿನಂ ಎಂಬ ಇನ್ನೊಂದು ಲೋಹದ ವಿಕಿರಣಶೀಲ ರೂಪದಿಂದ. ಅದು ಅರ್ಧಕ್ಕಿಳಿಯಲು ಅರವತ್ತಾರು ಗಂಟೆ ಬೇಕು. ಸೀಸದ ಕವಚದ ಪೆಟ್ಟಿಗೆಯಲ್ಲಿ ಮಾಲಿಬ್ಡಿನಂ ತುಂಬಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ದಿನವೂ ಉಪ್ಪುನೀರನ್ನು ಹಾಯಿಸಿ, ಅಂದು ಹುಟ್ಟಿದಷ್ಟು ಟೆಕ್ನೀಶಿಯಂ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಯವರು ಆ ಪೆಟ್ಟಿಗೆಯನ್ನು ‘ಹಸು’ ಎಂದೂ, ಆ ಕೆಲಸವನ್ನು ‘ಕರೆಯುವುದು’ ಎಂದೂ ಕರೆಯುವುದುಂಟು! ನಮ್ಮ ದೇಶದಲ್ಲಿ ಈ ವಸ್ತುಗಳನ್ನೂ, ಅವುಗಳೊಂದಿಗೆ ಬೆರೆಸುವ ಔಷಧಿಗಳನ್ನೂ ಅಣುಶಕ್ತಿ ಇಲಾಖೆಗೆ ಸೇರಿದ, ೧೯೮೯ರಲ್ಲಿ ಸ್ಥಾಪಿತವಾದ ಬ್ರಿಟ್ ಎಂಬ ಸಂಸ್ಥೆ ಮುಂಬಯಿಯಿಂದ ಒದಗಿಸುತ್ತದೆ.

ಟೆಕ್ನೀಶಿಯಂ ಒಂದನ್ನೇ ಕೊಟ್ಟರೆ ಅದು ಪಿತ್ತದ ಹಾದಿಯನ್ನು ಹಿಡಿಯದು. ಅದನ್ನು ಯಕೃತ್ತು ಎಳೆದುಕೊಳ್ಳುವಂತಹ ಒಂದು ರಾಸಾಯನಿಕದೊಡನೆ ಕಟ್ಟಬೇಕು. ಅಂತಹ ರಾಸಾಯನಿಕ ದೊರೆತದ್ದು ಆಕಸ್ಮಿಕವಾಗಿ. ಅಮೆರಿಕದ ಲೋಬರ್ಗ್ ಮತ್ತು ಅವರ ಸಂಗಡಿಗರು ಹೃದಯದ ಚಿತ್ರ ತೆಗೆಯುವುದಕ್ಕೆಂದು ಒಂದು ಔಷಧಿಯನ್ನು ಹುಡುಕುತ್ತಿದ್ದರು. ಅವರು ಕಟ್ಟಿದ ವಸ್ತು ಹೃದಯದಲ್ಲಿ ನಿಲ್ಲದೆ ಯಕೃತ್ತಿಗೆ ಓಡಿ ಪಿತ್ತದೊಡನೆ ಹೊರಬಂದಿತು. ಸೋತೆವೆಂದು ಅವರು ಅದನ್ನು ಬಿಸುಡಲಿಲ್ಲ. ಅದು ಯಕೃತ್ತಿಗೇ ಉಪಯೋಗವಾಗುವುದೆಂದು ಕಂಡು ೧೯೭೬ರಲ್ಲಿ ಪ್ರಕಟಿಸಿದರು. ಹಿಡಾ ಎಂಬ ಹೆಸರು ಅಲ್ಲಿಂದ ಬಂದಿತು. ಇಂದು ಅದೇ ಕುಲದ ಮೆಬ್ರೋಫೆನಿನ್ ಎಂಬುದು ಹೆಚ್ಚಾಗಿ ಬಳಕೆಯಲ್ಲಿದೆ. ರಕ್ತದಲ್ಲಿ ಕಾಮಾಲೆ ಬಹಳ ಏರಿದ್ದರೂ ಅದು ಕೆಲಸ ಮಾಡುತ್ತದೆ. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಪರೀಕ್ಷೆಯ ಮೇಜಿನ ಮೇಲೆ

ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಕೈಯ ರಕ್ತನಾಳಕ್ಕೆ ಒಂದು ಚುಚ್ಚುಮದ್ದು ಕೊಡುತ್ತಾರೆ. ನೋವೆಂದರೆ ಅಷ್ಟೇ. ಮೇಲೆ ಗಾಮಾ ಕ್ಯಾಮೆರಾ ಎಂಬ ದೊಡ್ಡ ಯಂತ್ರವಿರುತ್ತದೆ. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯಾಲ್ ಆಂಗರ್ ಅವರು ರೂಪಿಸಿದ ಸಾಧನವಿದು. ಎಕ್ಸ್‌ರೇಯಂತೆ ಇದು ಮೈಗೆ ಕಿರಣಗಳನ್ನು ಬಿಡುವುದಿಲ್ಲ. ಮೈಯೊಳಗಿನ ಔಷಧಿಯಿಂದ ಬರುವ ಕಿರಣಗಳನ್ನು ಗ್ರಹಿಸಿ ಚಿತ್ರವಾಗಿ ತೋರಿಸುತ್ತದೆ. ಸುಮಾರು ಒಂದು ಗಂಟೆಯ ಕಾಲ ಬಿಡದೆ ಚಿತ್ರಗಳನ್ನು ತೆಗೆಯುತ್ತಾರೆ. ಆರೋಗ್ಯವಂತರಲ್ಲಿ ಕೆಲವೇ ನಿಮಿಷಗಳಲ್ಲಿ ಯಕೃತ್ತು ಕಾಣಿಸುತ್ತದೆ. ಒಂದು ಗಂಟೆಯೊಳಗೆ ನಾಳಗಳು, ಪಿತ್ತಕೋಶ, ಸಣ್ಣ ಕರುಳು ಎಲ್ಲವೂ ಕಾಣಿಸುತ್ತವೆ.

ಇಲ್ಲಿ ನಮ್ಮ ಮನೆಯ ಹೆಂಗಸರು ಗಮನಿಸಬೇಕಾದ ಒಂದು ಮಾತಿದೆ. ಪರೀಕ್ಷೆಗೆ ಮೊದಲು ದೊಡ್ಡವರು ನಾಲ್ಕರಿಂದ ಆರು ಗಂಟೆ ಏನನ್ನೂ ತಿನ್ನಬಾರದು. ಈಗತಾನೇ ಉಂಡಿದ್ದರೆ ಪಿತ್ತಕೋಶ ಹಿಂಡಿಕೊಂಡಿರುತ್ತದೆ, ಔಷಧಿ ಒಳಗೆ ಹೋಗದು. ಆದರೆ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಉಪವಾಸವಿದ್ದರೂ ತಪ್ಪೇ. ಆಗ ಪಿತ್ತಕೋಶ ಮೊದಲೇ ತುಂಬಿ ನಿಂತಿರುವುದರಿಂದ ಹೊಸದಕ್ಕೆ ಜಾಗವಿರದು. ಎರಡರಲ್ಲಿಯೂ ಇಲ್ಲದ ರೋಗ ಇದೆಯೆಂಬಂತೆ ಚಿತ್ರ ಬರಬಹುದು. ವ್ರತದ ಉಪವಾಸದಲ್ಲಿದ್ದರೆ ನಾಚದೆ ಮೊದಲೇ ಹೇಳಿರಿ. ನೋವಿಗೆಂದು ಬಲವಾದ ಔಷಧಿಗಳನ್ನು ತೆಗೆದುಕೊಂಡಿದ್ದರೆ ಅದನ್ನೂ, ಗರ್ಭಿಣಿಯಾಗಿದ್ದರೆ ಇಲ್ಲವೆ ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಲೇಬೇಕು.

ದೊಡ್ಡವರಲ್ಲಿ ಯಾವಾಗ?

ಬಲ ಪಕ್ಕೆಯ ಕೆಳಗೆ ತೀವ್ರವಾದ ನೋವು, ಜ್ವರ, ವಾಂತಿ. ಪಿತ್ತಕೋಶದ ಉರಿಯೂತವಿರಬಹುದೆಂಬ ಸಂಶಯ. ಅಲ್ಟ್ರಾಸೌಂಡಿನಲ್ಲಿಯೇ ಅನೇಕ ಸಲ ವಿಷಯ ಸ್ಪಷ್ಟವಾಗುತ್ತದೆ. ಸ್ಪಷ್ಟವಾಗದಿದ್ದಾಗ ಹಿಡಾ ಸ್ಕ್ಯಾನ್ ನೆರವಿಗೆ ಬರುತ್ತದೆ. ಉರಿಯೂತದಲ್ಲಿ ಸಾಮಾನ್ಯವಾಗಿ ಪಿತ್ತಕೋಶದ ಕವಲುನಾಳ ಮುಚ್ಚಿರುತ್ತದೆ. ಔಷಧಿ ಯಕೃತ್ತಿನಿಂದ ಕರುಳಿಗೆ ಹೋದರೂ ಪಿತ್ತಕೋಶ ಮಾತ್ರ ಕಾಣಿಸುವುದೇ ಇಲ್ಲ. ಒಂದು ಗಂಟೆಯಾದರೂ ಕಾಣದಿದ್ದರೆ, ಸ್ವಲ್ಪ ಮಾರ್ಫಿನ್ ಕೊಟ್ಟು ಕೆಳಗಿನ ಬಾಗಿಲನ್ನು ಬಿಗಿಗೊಳಿಸಿ ಇನ್ನೂ ಅರ್ಧ ಗಂಟೆ ನೋಡುತ್ತಾರೆ; ಇಲ್ಲವೆ ಮೂರು ನಾಲ್ಕು ಗಂಟೆಗಳ ಬಳಿಕ ಮತ್ತೊಮ್ಮೆ ಚಿತ್ರ ತೆಗೆಯುತ್ತಾರೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯ ಪ್ರಕಾರ, ಇಂತಹ ಉರಿಯೂತವಿರುವ ನೂರು ಮಂದಿಯಲ್ಲಿ ಈ ಪರೀಕ್ಷೆ ಸುಮಾರು ೯೬ ಮಂದಿಯನ್ನು ಗುರುತಿಸುತ್ತದೆ. ಅಲ್ಟ್ರಾಸೌಂಡ್ ೮೧ ಮಂದಿಯನ್ನು.

ಎರಡನೆಯದು, ಪಿತ್ತಕೋಶವನ್ನು ತೆಗೆದ ಶಸ್ತ್ರಚಿಕಿತ್ಸೆಯ ಬಳಿಕ ಹೊಟ್ಟೆನೋವು, ಜ್ವರ ಬಂದರೆ ಪಿತ್ತ ಒಳಗೆ ಸೋರುತ್ತಿದೆಯೆ ಎಂದು ನೋಡುವುದು. ಹೊಟ್ಟೆಯೊಳಗೆ ನೀರು ನಿಂತಿದೆಯೆಂದು ಇತರ ಪರೀಕ್ಷೆಗಳು ಹೇಳಬಲ್ಲವು. ಅದು ಪಿತ್ತವೇ ಎಂದು ಹೇಳಬಲ್ಲದ್ದು ಇದು. ಮೂರನೆಯದು, ಕಲ್ಲಿಲ್ಲದಿದ್ದರೂ ಊಟವಾದೊಡನೆ ಮರುಕಳಿಸುವ ನೋವು. ಪಿತ್ತಕೋಶ ತುಂಬಿದ ಮೇಲೆ ಅದನ್ನು ಹಿಂಡಿಸುವ ಔಷಧಿಯನ್ನೋ, ಕೆಲವೆಡೆ ಹಾಲು ಮೊದಲಾದ ಕೊಬ್ಬಿನ ಆಹಾರವನ್ನೋ ಕೊಟ್ಟು ಎಷ್ಟು ಪಾಲು ಹೊರಹೋಯಿತೆಂದು ಅಳೆಯುತ್ತಾರೆ. ಔಷಧಿಯನ್ನು ಒಂದು ಗಂಟೆಯ ಕಾಲ ನಿಧಾನವಾಗಿ ಹಾಯಿಸಿದಾಗ ಶೇಕಡಾ ೩೮ಕ್ಕಿಂತ ಕಡಿಮೆ ಹೋದರೆ ಪಿತ್ತಕೋಶ ಸೋಮಾರಿಯಾಗಿದೆ ಎಂದು ಭಾವಿಸುತ್ತಾರೆ. ಅಷ್ಟರಿಂದಲೇ ಅದನ್ನು ತೆಗೆಯಬೇಕೆಂದಲ್ಲ. ಅದು ನಿಮ್ಮ ವೈದ್ಯರು ನಿಮ್ಮೊಡನೆ ಕುಳಿತು ತೀರ್ಮಾನಿಸಬೇಕಾದ ವಿಷಯ.

ಕೂಸಿನ ಅರವತ್ತು ದಿನ

ಈಗ ಮೊದಲಿನ ಮಾತಿಗೆ ಬರೋಣ. ಹುಟ್ಟಿದ ಕೂಸುಗಳಲ್ಲಿ ಅನೇಕಕ್ಕೆ ಮೊದಲ ವಾರ ಕಾಮಾಲೆ ಬರುವುದೂ, ತಾನಾಗಿ ಇಳಿಯುವುದೂ ನಿಜ. ನಾನು ಅಂದು ಹೇಳಿದ ಮಾತು ಆ ಕೂಸುಗಳಿಗೆ ಸರಿ. ಆದರೆ ಹತ್ತರಿಂದ ಇಪ್ಪತ್ತು ಸಾವಿರ ಕೂಸುಗಳಲ್ಲಿ ಒಂದಕ್ಕೆ ಯಕೃತ್ತಿನಿಂದ ಹೊರಡುವ ಪಿತ್ತನಾಳಗಳೇ ಮುಚ್ಚಿಹೋಗಿರುತ್ತವೆ. ತೂಕ ಚೆನ್ನಾಗಿಯೇ ಇರುತ್ತದೆ, ಕೂಸು ಹಾಲು ಕುಡಿಯುತ್ತದೆ, ನಗುತ್ತದೆ. ಮೋಸವಾಗುವುದು ಅಲ್ಲಿಯೇ. ಒಳಗೆ ನಿಂತ ಪಿತ್ತ ದಿನದಿನಕ್ಕೆ ಯಕೃತ್ತನ್ನು ಕೆಡಿಸುತ್ತಿರುತ್ತದೆ.

ಇದಕ್ಕೆ ದಾರಿಯನ್ನು ತೋರಿಸಿದವರು ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ. ಮುಚ್ಚಿದ ನಾಳಗಳನ್ನು ತೆಗೆದು, ಕರುಳಿನ ಒಂದು ಭಾಗವನ್ನು ನೇರವಾಗಿ ಯಕೃತ್ತಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು ೧೯೫೦ರ ದಶಕದಲ್ಲಿ ರೂಪಿಸಿದರು. ಇಂದಿಗೂ ಅದು ಅವರ ಹೆಸರಿನಲ್ಲಿಯೇ ಇದೆ. ಕೂಸಿಗೆ ಅರವತ್ತು ದಿನ ತುಂಬುವುದರೊಳಗೆ ಮಾಡಿದರೆ ಅದು ಫಲಿಸುವ ಸಂಭವ ಹೆಚ್ಚು. ದಿನ ಕಳೆದಂತೆ ಕಡಿಮೆ. ಫಲಿಸದಿದ್ದರೆ ಮುಂದೆ ಉಳಿಯುವುದು ಯಕೃತ್ತಿನ ಕಸಿ.

ಕಾಮಾಲೆ ನಾಳ ಮುಚ್ಚಿದ್ದರಿಂದಲೋ, ಯಕೃತ್ತಿನ ಉರಿಯೂತದಿಂದಲೋ ಎಂದು ಬೇರ್ಪಡಿಸುವುದರಲ್ಲಿ ಹಿಡಾ ಸ್ಕ್ಯಾನ್ ನೆರವಾಗುತ್ತದೆ. ಯಕೃತ್ತನ್ನು ಚುರುಕುಗೊಳಿಸಲು ಕೆಲವು ಕಡೆ ಐದು ದಿನ ಮೊದಲೇ ಫಿನೋಬಾರ್ಬಿಟೋನ್ ಎಂಬ ಔಷಧಿಯನ್ನು ಕೊಡುತ್ತಾರೆ. ಚುಚ್ಚುಮದ್ದಿನ ಬಳಿಕ ಇಪ್ಪತ್ತನಾಲ್ಕು ಗಂಟೆಗಳವರೆಗೂ ಚಿತ್ರ ತೆಗೆಯುತ್ತಾರೆ. ಕರುಳಿನಲ್ಲಿ ಔಷಧಿ ಕಾಣಿಸಿದರೆ ಹಾದಿ ತೆರೆದಿದೆ. ನಾಳ ಮುಚ್ಚಿಲ್ಲವೆಂದು ನೆಮ್ಮದಿಪಡಬಹುದು. ಕಾಣಿಸದಿದ್ದರೆ ನಾಳ ಮುಚ್ಚಿರಬಹುದು. ಆದರೆ ಯಕೃತ್ತು ಬಹಳ ಬಳಲಿದ್ದರೂ ಹಾಗೆಯೇ ಆಗುತ್ತದೆ. ಆದ್ದರಿಂದ ಯಕೃತ್ತಿನ ಚೂರನ್ನು ತೆಗೆದು ನೋಡುವುದು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಾಳಗಳಿಗೆ ಬಣ್ಣ ತುಂಬಿ ಚಿತ್ರ ತೆಗೆಯುವುದು ಮೊದಲಾದವುಗಳಿಂದ ಖಚಿತಪಡಿಸಿಕೊಳ್ಳುತ್ತಾರೆ. ದಿನಗಳು ಮೀರುತ್ತಿದ್ದರೆ ವೈದ್ಯರು ಈ ಸ್ಕ್ಯಾನನ್ನೇ ಬಿಟ್ಟು ನೇರವಾಗಿ ಮುಂದಿನ ಹೆಜ್ಜೆ ಇಡುವುದೂ ಉಂಟು. ಅದಕ್ಕಾಗಿ ಅವರನ್ನು ಅನುಮಾನಿಸಬೇಡಿರಿ.

ಅಣುವಿನ ಭಯ

ಬೋಡಿ ಬೆಟ್ಟದ ಪೊಟ್ಟಿಪುರದಲ್ಲಿ ನ್ಯೂಟ್ರಿನೊ ವೀಕ್ಷಣಾಲಯವನ್ನು ಕಟ್ಟುವ ಮಾತು ಬಂದಂದಿನಿಂದ ನಮ್ಮ ಕಡೆ ‘ಅಣು’ ಎಂಬ ಶಬ್ದಕ್ಕೆ ಜನ ಬೆಚ್ಚುವುದು ಹೆಚ್ಚಾಗಿದೆ. ಆ ವಾದದ ಸರಿ ತಪ್ಪು ಇಲ್ಲಿಯ ವಿಷಯವಲ್ಲ. ಆಸ್ಪತ್ರೆಯ ಅಣುವಿನ ಲೆಕ್ಕವನ್ನಷ್ಟೇ ಹೇಳುತ್ತೇನೆ. ನೆಲ, ಗಾಳಿ, ಆಕಾಶ, ಆಹಾರಗಳಿಂದ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟಿನಷ್ಟು ವಿಕಿರಣ ಸಹಜವಾಗಿಯೇ ತಗಲುತ್ತಿರುತ್ತದೆ. ದೊಡ್ಡವರಿಗೆ ಒಂದು ಹಿಡಾ ಸ್ಕ್ಯಾನಿನಿಂದ ತಗಲುವುದು ಎರಡರಿಂದ ಮೂರು ಮಿಲಿಸೀವರ್ಟ್. ಹೆಚ್ಚು ಕಡಿಮೆ ಒಂದು ವರ್ಷದ ಸಹಜ ಪಾಲು. ಕೂಸುಗಳಿಗೆ ತೂಕವನ್ನು ನೋಡಿ ಔಷಧಿಯನ್ನು ಬಹಳ ಕಡಿಮೆ ಮಾಡುತ್ತಾರೆ. ಇದು ಏನೂ ಅಲ್ಲವೆಂದು ನಾನು ಹೇಳುವುದಿಲ್ಲ. ಕಾರಣವಿಲ್ಲದೆ ಯಾರೂ ಮಾಡಿಸಬಾರದು. ಕಾರಣವಿದ್ದಾಗ ಹಿಂಜರಿಯಲೂಬಾರದು. ಪರೀಕ್ಷೆಯ ದಿನ ಕೂಸಿನ ಬಟ್ಟೆ ಬದಲಿಸಿದವರು ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಗರ್ಭಿಣಿಯರು ಬಹುಹೊತ್ತು ಎತ್ತಿಕೊಂಡು ಕೂರದಿದ್ದರೆ ಒಳ್ಳೆಯದು. ಮಾರನೆಯ ದಿನಕ್ಕೆ ಎಲ್ಲವೂ ಎಂದಿನಂತೆ.

ಇಷ್ಟನ್ನು ನೆನಪಿಡಿರಿ

ನನ್ನ ವಿದ್ಯಾರ್ಥಿಯ ಕೂಸಿನ ಕರುಳಿನಲ್ಲಿ ಮಾರನೆಯ ದಿನವೂ ಔಷಧಿ ಕಾಣಿಸಲಿಲ್ಲ. ಐವತ್ತಮೂರನೆಯ ದಿನ ಶಸ್ತ್ರಚಿಕಿತ್ಸೆಯಾಯಿತು. ಈಗ ಕಣ್ಣಿನ ಹಳದಿ ಇಳಿದಿದೆ, ಮಲಕ್ಕೆ ಬಣ್ಣ ಬಂದಿದೆ. ಮುಂದೆ ಹೇಗೋ, ವರ್ಷಗಟ್ಟಲೆ ನೋಡಿಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಅಣು ಬೇಡವೆಂದಿದ್ದ ಅಜ್ಜಿ ಈಗ ಬೀದಿಯ ಬಾಣಂತಿಯರನ್ನೆಲ್ಲ, “ಕೂಸಿನ ಬಟ್ಟೆ ನೋಡಿದೆಯೇನೇ?” ಎಂದು ಕೇಳುತ್ತಾರೆ.

ಎಲ್ಲರೂ ಕೇಳಬೇಕಾದ ಪ್ರಶ್ನೆ ಅದೇ. ತೈವಾನಿನಲ್ಲಿ ೨೦೦೪ರಿಂದ ಪ್ರತಿ ತಾಯಿಗೂ ಮಲದ ಬಣ್ಣಗಳನ್ನು ಅಚ್ಚು ಹಾಕಿದ ಕಾರ್ಡನ್ನು ಕೊಡುತ್ತಾರೆ. ತಾಯಿ ಹೋಲಿಸಿ ನೋಡಿ, ಬಿಳಿಚಿದ್ದರೆ ಕೂಡಲೇ ತಿಳಿಸುತ್ತಾಳೆ. ನಮಗೆ ಕಾರ್ಡು ಇಲ್ಲದಿದ್ದರೂ ಕಣ್ಣಿದೆ. ಎರಡು ವಾರ ಕಳೆದರೂ ಕೂಸಿನ ಕಾಮಾಲೆ ಇಳಿಯದಿದ್ದರೆ, ಮಲ ಸುಣ್ಣದಂತೆ ಅಥವಾ ಜೇಡಿಮಣ್ಣಿನಂತೆ ಬಿಳಿಚಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ, ಅಂದೇ ಮಕ್ಕಳ ವೈದ್ಯರ ಬಳಿಗೆ ಹೋಗಿರಿ. ರಕ್ತದಲ್ಲಿ ಕಾಮಾಲೆ ಯಾವ ಬಗೆಯದೆಂದು ನೋಡಬೇಕೆಂದು ಕೇಳಿರಿ. ಹೋಗುವಾಗ ಮಲದ ಕಲೆಯಿರುವ ಬಟ್ಟೆಯನ್ನು ಜೊತೆಗೆ ಒಯ್ಯಿರಿ; ಸರಕಾರದ ವಿಮಾ ಕಾರ್ಡಿದ್ದರೆ ಅದನ್ನೂ ಒಯ್ದು ವಿಚಾರಿಸಿರಿ.

ನೆಲನೆಲ್ಲಿ ನಮ್ಮ ಹಿತ್ತಿಲಿನ ಗಿಡವೇ. ಅದನ್ನು ನಾನು ಹಳಿಯುತ್ತಿಲ್ಲ. ಆದರೆ ಮುಚ್ಚಿದ ಕಾಲುವೆಯನ್ನು ಯಾವ ಸೊಪ್ಪಿನ ರಸವೂ ತೆರೆಯಲಾರದು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಹಿರಿಯರಿಗೆ, ಮುಖ್ಯವಾಗಿ ನನ್ನಂತಹ ಮೇಷ್ಟರುಗಳಿಗೆ, ಒಂದು ವಿನಂತಿ: ಇಂತಹ ಕೂಸನ್ನು ಎತ್ತಿಕೊಂಡು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಸಲಹೆ ಹೇಳಬೇಡಿರಿ. ಬಸ್ಸಿಗೆ ಹತ್ತಿಸಿ ಬನ್ನಿರಿ.